ಕೆಜಿಗೆ ಎಷ್ಟು ಅಂತ ಮಾತ್ರ ಕೇಳ್ಬೇಡಿ

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ರಿಲೀಸು, ಆನ್‌ಕಾಲು, ಊರಲ್ಲಿ ತಂಗಿ ಮದುವೆ... ನೆಪಗಳಿಗೇನು ಬರ. ಇವತ್ತು ಬರೀಲೇಬೇಕು ಅಂತ ಕೂತಿರೋದು ಸಿಟ್ಟಿಗೆ. ಕವಿತೆ ಓದೋಕೆ ಬಂದೋರು ದಯವಿಟ್ಟು ಮುಂದಿನ ಸಲ ಬನ್ನಿ, ಇವತ್ತಿಂದು ಪೂರ್ತಿ ಕಬ್ಬಿಣದ ಕಡಲೆ. ಕಬ್ಬಿಣದ್ದೂ ಅಲ್ಲ, ತಾಮ್ರ ಮತ್ತು ಟಂಗ್‌ಸ್ಟನ್ನಿನ ಕಡಲೆ :)

ಕಳೆದ ಶನಿವಾರ ಪೀಣ್ಯದಲ್ಲಿರೋ ನನ್ನ ಸೋದರಮಾವನ ಶೆಡ್ಡಿಗೆ ಹೋಗಿದ್ದೆ. ಶೆಡ್ಡು ಅಂದ್ರೆ ಶೆಡ್ಡೇ. ಮೇಲೆ ಶೀಟು, ಒಳಗೆ ಒಂದು ಮಿಲ್ಲಿಂಗ್ ಮಷೀನು, ಒಂದು ಗ್ರೈಂಡರು, ಎರಡು ಸ್ಪಾರ್ಕ್ ಮಷೀನು, ಆಯುಧಪೂಜೆಯ ಕುಂಕುಮ ಇನ್ನೂ ಅಳಿಸದ ಒಂದು ಡ್ರಿಲ್ಲಿಂಗ್ ಮಷೀನು. ಮಾವ ತಿಪಟೂರಿನಿಂದ ಬಂದು ಇಪ್ಪತ್ತೆರಡು ವರ್ಷ ಬೇರೆಯವರ ಟೂಲ್ ರೂಮಿನಲ್ಲಿ ದುಡಿದು, ಆಮೇಲೆ ಸಾಲ ಮಾಡಿ ಹಾಕಿದ್ದು ಇದು. ನಾನು ಹೋದ್ರೆ ಸಾಮಾನ್ಯವಾಗಿ ಮೊದ್ಲು ಟೀ ಬರುತ್ತೆ, ಹಿಂದೆಯೇ "ನಿಂದು ಮದ್ವೆ ಯಾವಾಗ್ಲೋ" ಅನ್ನೋ ಪ್ರಶ್ನೆ ಬರುತ್ತೆ. ಅವತ್ತು ಎರಡೂ ಬರ್ಲಿಲ್ಲ. ಮೇಜಿನ ಮೇಲೆ ಒಂದು ಡೆಬಿಟ್ ನೋಟು ಬಿದ್ದಿತ್ತು.

ಕಥೆ ಇಷ್ಟು. ಒಂದು ಕಂಪನಿ (ಹೆಸರು ಬೇಡ) ಕಾರ್ಬೈಡ್ ಡೈ ಇನ್ಸರ್ಟುಗಳನ್ನ ಕೊಟ್ಟಿತ್ತು. ಒಂದೊಂದರಲ್ಲೂ 6 ಮಿಮೀ ಆಳದ ಚೌಕ ಗುಂಡಿ ತೆಗೀಬೇಕು, ಆಚೆ ಕಡೆ ತೂತಾಗಬಾರದು, ಮೂಲೆಗಳು ಚೂಪಾಗಿರಬೇಕು. ಮಾವ ಕೊಟೇಶನ್ನಿನಲ್ಲಿ ಎಲೆಕ್ಟ್ರೋಡ್ ಕಾಪರ್ ಟಂಗ್‌ಸ್ಟನ್ ಅಂತ ಬರೆದು ಕಳಿಸಿದ್ರು. ಪರ್ಚೇಸಿನವರಿಂದ ಫೋನು ಬಂತು. "ಕೆಜಿಗೆ ಎಷ್ಟು?" ಮಾವ ಹೇಳಿದ್ರು. "ತಾಮ್ರ ಕೆಜಿಗೆ ಎಷ್ಟು?" ಅದನ್ನೂ ಹೇಳಿದ್ರು. "ಹತ್ತು ಪಟ್ಟು ದುಡ್ಡು ಯಾಕ್ರೀ ಕೊಡ್ಬೇಕು, ತಾಮ್ರದಲ್ಲೇ ಮಾಡಿ." ಎಲೆಕ್ಟ್ರೋಡಿನ ಸಾಲು ಕತ್ತರಿಸಿದ ಪಿಒ ಬಂತು. ಕಂತು ಕಟ್ಟೋ ತಿಂಗಳು, ಮಾವ ಒಪ್ಪಿಕೊಂಡ್ರು. ಒಂದು ಗುಂಡಿಗೆ ಆರು ತಾಮ್ರದ ಎಲೆಕ್ಟ್ರೋಡ್ ತಿಂದ ಮೇಲೂ ಮೂಲೆಗಳು ಬೇಕಾದಷ್ಟು ಚೂಪಾಗಲಿಲ್ಲ. ಎರಡು ಇನ್ಸರ್ಟು ರಿಜೆಕ್ಟ್, ಕಾರ್ಬೈಡಿನ ಬೆಲೆ ಮಾವನ ತಲೆಗೆ. ರಿಜೆಕ್ಷನ್ ರಿಪೋರ್ಟಿನಲ್ಲಿ ಕಾರಣ ಅಂತ ಬರೆದಿದ್ದೇನು ಗೊತ್ತಾ? "ಆಪರೇಟರ್ ತಪ್ಪು."

ಆ ಆಪರೇಟರನ್ನ ಶೆಡ್ಡಿನಲ್ಲಿ ಎಲ್ರೂ ಅಣ್ಣ ಅಂತಾರೆ. ಮಾವನಿಗಿಂತ ಮೊದಲಿಂದ ಸ್ಪಾರ್ಕ್ ಮಷೀನಿನ ಮುಂದೆ ನಿಂತವರು. ತಾಮ್ರದಲ್ಲಿ ಆಗಲ್ಲ ಅಂತ ಮೊದಲ ದಿನವೇ ಹೇಳಿದ್ದವರು. ಅವತ್ತು ಅಣ್ಣ ಊಟಕ್ಕೂ ಬರದೆ ಸುಮ್ಮನೆ ಮಷೀನ್ ಒರೆಸ್ತಾ ಇದ್ರು. ನನ್ನ ಸಿಟ್ಟು ಶುರುವಾಗಿದ್ದು ಅಲ್ಲಿ.

ಸರಿ, ಏನಿದು ಸ್ಪಾರ್ಕ್ ಮಷೀನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪುಸ್ತಕದ ಹೆಸರು ಎಲೆಕ್ಟ್ರಿಕಲ್ ಡಿಸ್ಚಾರ್ಜ್ ಮಷಿನಿಂಗ್, ಇಡಿಎಂ. ನಿಮಗೆ ಬೇಕಾದ ಗುಂಡಿಯ ಆಕಾರದ್ದೇ ಒಂದು ಅಚ್ಚು ಮಾಡಿಕೊಳ್ತೀರಿ, ಅದೇ ಎಲೆಕ್ಟ್ರೋಡು. ಅದನ್ನೂ ಜಾಬನ್ನೂ ಎಣ್ಣೆಯಲ್ಲಿ ಮುಳುಗಿಸಿ, ಒಂದಕ್ಕೊಂದು ತಾಗದ ಹಾಗೆ ಕೂದಲೆಳೆಯಷ್ಟು ಸಂದು ಬಿಟ್ಟು ವಿದ್ಯುತ್ ಹಾಯಿಸಿದ್ರೆ ಸೆಕೆಂಡಿಗೆ ಸಾವಿರಾರು ಕಿಡಿ ಹಾರುತ್ತೆ. ಒಂದೊಂದು ಕಿಡಿಯೂ ಒಂದು ಚೂರು ಲೋಹವನ್ನ ಕರಗಿಸಿ ಆವಿ ಮಾಡುತ್ತೆ. ಜಾಬು ಎಷ್ಟು ಗಟ್ಟಿ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ವಿದ್ಯುತ್ ಹರಿದ್ರೆ ಸಾಕು. ಅದಕ್ಕೇ ಕಾರ್ಬೈಡಿನಂಥ ಕಲ್ಲು ಜಾತಿಯ ಲೋಹಕ್ಕೂ ಇದು ಬೇಕು.

ಆದ್ರೆ ಕಿಡಿಗೆ ಎರಡು ತುದಿ. ಅದು ಜಾಬನ್ನ ತಿನ್ನುವಾಗ ಎಲೆಕ್ಟ್ರೋಡನ್ನೂ ತಿನ್ನುತ್ತೆ. ಈ ಮಷಿನಿಂಗ್ ಹುಟ್ಟಿದ ಕಥೆಯೂ ಸವೆತದ ಕಥೆಯೇ. ಸೋವಿಯತ್ ದೇಶದ ಬೋರಿಸ್ ಮತ್ತು ನತಾಲ್ಯಾ ಲಝರೆಂಕೊ ಅನ್ನೋ ಗಂಡಹೆಂಡ್ತಿ ವಿಜ್ಞಾನಿಗಳು ವಿದ್ಯುತ್ ಕಾಂಟ್ಯಾಕ್ಟುಗಳು ಕಿಡಿಯಿಂದ ಯಾಕೆ ಸವೆದು ಹೋಗ್ತವೆ, ಅದನ್ನ ತಡೆಯೋದು ಹೇಗೆ ಅಂತ ನೋಡ್ತಾ ಇದ್ರು. ತಡೆಯೋಕೆ ಆಗ್ಲಿಲ್ಲ. ಆದ್ರೆ ಸವೆತವನ್ನೇ ಕೆಲಸಕ್ಕೆ ಹಚ್ಚಬಹುದಲ್ಲ ಅಂತ 1943ರಲ್ಲಿ ಅದೇ ಕಿಡಿಯಿಂದ ಲೋಹ ಕೊರೆಯೋ ವಿಧಾನ ಕೊಟ್ರು. ಅವರು ನೋಡ್ತಿದ್ದ ಕಾಂಟ್ಯಾಕ್ಟುಗಳು ಯಾವುದರದ್ದು ಗೊತ್ತಾ? ಟಂಗ್‌ಸ್ಟನ್ನಿನದು! ಎಂಬತ್ತು ವರ್ಷ ಆದ್ಮೇಲೂ ನಾವು ಅದೇ ಲೋಹದ ಸವೆತದ ಬಗ್ಗೆ ಜಗಳ ಆಡ್ತಾ ಇದೀವಿ.

ಈಗ ಮುಖ್ಯ ವಿಷಯ. ಎಲೆಕ್ಟ್ರೋಡ್ ಎಲ್ಲಾ ಕಡೆ ಒಂದೇ ಸಮ ಸವೆಯಲ್ಲ. ತಳ ಸ್ವಲ್ಪ ಸವೆಯುತ್ತೆ, ಪಕ್ಕ ಸ್ವಲ್ಪ. ಮೂಲೆ ಮಾತ್ರ ಎಲ್ಲಕ್ಕಿಂತ ಮೊದಲು ಹೋಗುತ್ತೆ, ಯಾಕಂದ್ರೆ ಅಲ್ಲಿ ಕಿಡಿ ಮೂರು ಕಡೆಯಿಂದ ಮುತ್ತುತ್ತೆ, ಬಿಸಿ ಆಚೆ ಹೋಗೋಕೆ ಲೋಹವೂ ಕಮ್ಮಿ. ಹುಡುಗ್ರು ಉಜ್ಜಿ ಉಜ್ಜಿ ಗುಂಡಗೆ ಮಾಡಿರೋ ರಬ್ಬರ್ ನೋಡಿದೀರಲ್ಲ, ಹಾಗೆ. ಎಲೆಕ್ಟ್ರೋಡಿನ ಮೂಲೆ ಗುಂಡಾದ್ರೆ ಗುಂಡಿಯ ಮೂಲೆಯೂ ಗುಂಡೇ. ಅಂದ್ರೆ ನೀವು ಎಲೆಕ್ಟ್ರೋಡಿಗೆ ಅಂತ ಕೊಡೋ ದುಡ್ಡು ಲೋಹಕ್ಕಲ್ಲ, ಮೂಲೆಗೆ. ಎಷ್ಟು ಹೊತ್ತು ಮೂಲೆ ಮೂಲೆಯಾಗಿಯೇ ಇರುತ್ತೆ ಅನ್ನೋದಕ್ಕೆ. ಪರ್ಚೇಸಿನ ಯಾವ ಕಾಲಮ್ಮಿನಲ್ಲಿ ಇದು ಇದೆ ಹೇಳಿ ನೋಡೋಣ?

ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ಟಂಗ್‌ಸ್ಟನ್ 3422 ಡಿಗ್ರಿವರೆಗೆ ಜಗ್ಗಲ್ಲ, ಲೋಹಗಳಲ್ಲೇ ಅದು ಕೊನೆಯದು. ಹಾಗಾದ್ರೆ ಬರೀ ಟಂಗ್‌ಸ್ಟನ್ನಿನಲ್ಲೇ ಎಲೆಕ್ಟ್ರೋಡ್ ಮಾಡಿಬಿಡೋಣ ಅಂತೀರಾ? ತೆಳ್ಳಗಿನ ಕಡ್ಡಿ ಆದ್ರೆ ಸರಿ, ಸಣ್ಣ ತೂತಿಗೆ ಬಳಸ್ತಾರೆ. ಆಕಾರ ಕೊಡ್ಬೇಕು ಅಂದ್ರೆ ಅದನ್ನ ಕೊರೆಯೋದೇ ಒಂದು ಶಿಕ್ಷೆ, ಜೊತೆಗೆ ವಿದ್ಯುತ್ ಸಾಗಿಸೋದ್ರಲ್ಲಿ ತಾಮ್ರದ ಮೂರನೇ ಒಂದು ಭಾಗದಷ್ಟೂ ಇಲ್ಲ. ತಾಮ್ರ ಬಿಸಿಯನ್ನ ಬೇಗ ಆಚೆ ಸಾಗಿಸುತ್ತೆ, ಆದ್ರೆ ಬೇಗ ಕರಗುತ್ತೆ. ಒಂದರ ಗುಣ ಇನ್ನೊಂದರ ದೋಷ. ಎರಡನ್ನೂ ಸೇರಿಸಿ ಕರಗಿಸಿ ಮಿಶ್ರಲೋಹ ಮಾಡೋಣ ಅಂದ್ರೆ ಇವೆರಡೂ ಒಂದರಲ್ಲೊಂದು ಕರಗೋದೇ ಇಲ್ಲ, ಎಣ್ಣೆ ಸೀಗೇಕಾಯಿ. ಅದಕ್ಕೆ ಕಂಡುಕೊಂಡ ಉಪಾಯ ಚೆನ್ನಾಗಿದೆ. ಟಂಗ್‌ಸ್ಟನ್ ಪುಡಿಯನ್ನ ಒತ್ತಿ, ಕಾಯಿಸಿ, ತೂತು ತೂತಾದ ಒಂದು ಹಂದರ ಮಾಡ್ತಾರೆ. ಆಮೇಲೆ ಕರಗಿದ ತಾಮ್ರವನ್ನ ಅದಕ್ಕೆ ಕುಡಿಸ್ತಾರೆ. ಪಾಕದೊಳಗೆ ಬಿಟ್ಟ ಜಾಮೂನು ಹೀರಿಕೊಂಡ ಹಾಗೆ ಹಂದರ ತಾಮ್ರವನ್ನ ಹೀರಿಕೊಳ್ಳುತ್ತೆ. ಕಿಡಿ ಬಿದ್ದಾಗ ತಾಮ್ರ ಬಿಸಿಯನ್ನ ಎಳೆದುಕೊಂಡು ಹೋಗುತ್ತೆ, ಸ್ವಲ್ಪ ಆವಿಯೂ ಆಗುತ್ತೆ, ಹಂದರ ಆಕಾರವನ್ನ ಹಿಡಿದುಕೊಂಡಿರುತ್ತೆ. ಇದು ಕಾಪರ್ ಟಂಗ್‌ಸ್ಟನ್. ತಾಮ್ರದ ಬದಲು ಬೆಳ್ಳಿ ಕುಡಿಸಿದ್ರೆ ಸಿಲ್ವರ್ ಟಂಗ್‌ಸ್ಟನ್, ಇನ್ನೂ ಒಳ್ಳೇದು, ಇನ್ನೂ ದುಬಾರಿ.

ಇದೆಲ್ಲ ನಾನು ಬಿಇ ಮೆಕ್ಯಾನಿಕಲ್‌ನಲ್ಲಿ ಓದಿದ್ದೆ ಅಂದ್ಕೊಂಡ್ರಾ? ಓದಿದ್ದೆ. ಹೇಗೆ ಅಂದ್ರೆ, "ಟೂಲ್ ಮೆಟೀರಿಯಲ್ಸ್: ಕಾಪರ್, ಬ್ರಾಸ್, ಗ್ರಾಫೈಟ್, ಕಾಪರ್ ಟಂಗ್‌ಸ್ಟನ್, ಸಿಲ್ವರ್ ಟಂಗ್‌ಸ್ಟನ್" ಅಂತ ಒಂದು ಸಾಲು. ನೀಟಾಗಿ ಚಿತ್ರ ಬರೆದು ಈ ಸಾಲು ಕೆಳಗೆ ಹಾಕಿದ್ರೆ ಹತ್ತಕ್ಕೆ ಎಂಟು ಮಾರ್ಕ್ಸು. ಯಾವುದಕ್ಕೆ ಯಾವುದು, ಯಾಕೆ, ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಕ್ಯಾಂಪಸ್ಸಿನಲ್ಲಿ ಸಾಫ್ಟ್‌ವೇರ್ ಸಿಕ್ತು, ಕಥೆ ಮುಗೀತು.

ಈಗ ಕೆಜಿ ಲೆಕ್ಕಕ್ಕೆ ಬರೋಣ. ಮೊದಲನೇದಾಗಿ ಕೆಜಿ ಲೆಕ್ಕ ಕೆಜಿ ಲೆಕ್ಕವಾಗಿಯೂ ತಪ್ಪು. ಎಲೆಕ್ಟ್ರೋಡು ಬೇಕಿರೋದು ಗಾತ್ರದಲ್ಲಿ, ತೂಕದಲ್ಲಲ್ಲ. 20 ಮಿಮೀ ಅಗಲ, 20 ಮಿಮೀ ದಪ್ಪ, 50 ಮಿಮೀ ಉದ್ದದ ತುಂಡು ತಗೊಳ್ಳಿ. ಗ್ರಾಫೈಟಿನದಾದ್ರೆ ಸುಮಾರು 36 ಗ್ರಾಂ, ತಾಮ್ರದ್ದಾದ್ರೆ 180 ಗ್ರಾಂ, ಶೇ. 75 ಟಂಗ್‌ಸ್ಟನ್ ಇರೋ ಕಾಪರ್ ಟಂಗ್‌ಸ್ಟನ್ ಆದ್ರೆ ಹತ್ತಿರ ಹತ್ತಿರ 300 ಗ್ರಾಂ. ಅಂದ್ರೆ ಕೆಜಿ ರೇಟು ಹತ್ತು ಪಟ್ಟು ಇದ್ರೆ ತುಂಡಿನ ರೇಟು ಹದಿನಾರು ಪಟ್ಟಿಗೂ ಹೆಚ್ಚು! ನೋಡಿ, ನಾನು ನನ್ನ ಕಡೆಯ ವಾದವನ್ನೇ ದುರ್ಬಲ ಮಾಡ್ಕೊಳ್ತಾ ಇದೀನಿ. ಕೆಜಿ ಕೇಳಿದ ಪುಣ್ಯಾತ್ಮನಿಗೆ ತನ್ನ ಪರವಾಗಿರೋ ಲೆಕ್ಕವೂ ಗೊತ್ತಿರಲಿಲ್ಲ.

ಆದ್ರೂ ಆತ ಸೋಲ್ತಾನೆ. ಹೇಗೆ ಅಂತ ಅವತ್ತು ಅಣ್ಣನ ನೋಟ್‌ಬುಕ್ ಮುಂದಿಟ್ಕೊಂಡು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿದೆ. ರೇಟುಗಳನ್ನ ಸುಲಭ ಆಗ್ಲಿ ಅಂತ ಗುಂಡಾಗಿ ಇಟ್ಕೊಂಡಿದೀನಿ, ನಿಮ್ಮ ಶೆಡ್ಡಿಂದು ಬೇರೆ ಇರಬಹುದು. ತಾಮ್ರ ಕೆಜಿಗೆ 1,000 ರೂಪಾಯಿ, ಕಾಪರ್ ಟಂಗ್‌ಸ್ಟನ್ 10,000. ಎಲೆಕ್ಟ್ರೋಡ್ ಸಣ್ಣದು, ತಾಮ್ರದಲ್ಲಿ 45 ಗ್ರಾಂ, ಇನ್ನೊಂದರಲ್ಲಿ 75 ಗ್ರಾಂ. ತಾಮ್ರ ಆರು ಬೇಕಾಯ್ತು, ಲೋಹದ ಖರ್ಚು 270 ರೂಪಾಯಿ. ಕಾಪರ್ ಟಂಗ್‌ಸ್ಟನ್ ಹಿಂದೆ ಇಂಥದ್ದೇ ಗುಂಡಿಗೆ ಎರಡು ಸಾಕಾಗಿತ್ತು, 1,500 ರೂಪಾಯಿ. ಪರ್ಚೇಸಿನವರು ನೋಡೋದು ಇಲ್ಲಿಯವರೆಗೆ. ಇಲ್ಲಿ ಲೈಟ್ ಆಫ್ ಮಾಡಿ ಮನೆಗೆ ಹೋಗ್ತಾರೆ.

ಮುಂದೆ ನೋಡಿ. ತಾಮ್ರದ ಒಂದು ಎಲೆಕ್ಟ್ರೋಡ್ ಮಿಲ್ಲಿಂಗ್‌ಗೆ ಒಂದು ಗಂಟೆ, ಮಷೀನಿಗೆ ಕಟ್ಟಿ ಸೆಟ್ ಮಾಡೋಕೆ ಅರ್ಧ ಗಂಟೆ. ಆರಕ್ಕೆ ಒಂಬತ್ತು ಗಂಟೆ, ಗಂಟೆಗೆ 400ರಂತೆ 3,600. ಕಾಪರ್ ಟಂಗ್‌ಸ್ಟನ್ ಕೊರೆಯೋದು ನಿಧಾನ, ಒಂದಕ್ಕೆ ಎರಡು ಗಂಟೆ, ಸೆಟ್ಟಿಂಗ್ ಅರ್ಧ. ಎರಡಕ್ಕೆ ಐದು ಗಂಟೆ, 2,000. ಇನ್ನು ಕಿಡಿ ಹಾರೋ ಹೊತ್ತು, ತಾಮ್ರದಲ್ಲಿ 22 ಗಂಟೆ, ಇನ್ನೊಂದರಲ್ಲಿ 14. ಗಂಟೆಗೆ 250ರಂತೆ 5,500 ಮತ್ತು 3,500. ಕೂಡಿ. ತಾಮ್ರ 9,370. ಕಾಪರ್ ಟಂಗ್‌ಸ್ಟನ್ 7,000. ರಿಜೆಕ್ಷನ್ ಇನ್ನೂ ಸೇರಿಸಿಲ್ಲ, ಮಾವನ ಡೆಬಿಟ್ ನೋಟ್ ಸೇರಿಸಿಲ್ಲ, ಎಲೆಕ್ಟ್ರೋಡ್ ಬದಲಾಯಿಸಿದಾಗಲೆಲ್ಲ ಒಂದೆರಡು ಮೈಕ್ರಾನ್ ಆಚೀಚೆ ಆಗಿ ಅಣ್ಣ ಬೈಗುಳ ನುಂಗಿದ್ದು ಸೇರಿಸಿಲ್ಲ.

ಇದೇ ಲೆಕ್ಕವನ್ನ ತಿರುಗಿಸಿದ್ರೆ ಇನ್ನೊಂದು ಉತ್ತರ ಸಿಗುತ್ತೆ. ಕಾಪರ್ ಟಂಗ್‌ಸ್ಟನ್ ಕೆಜಿಗೆ 25,800 ದಾಟೋವರೆಗೆ ಈ ಜಾಬಿಗೆ ತಾಮ್ರ ಅಗ್ಗ ಆಗಲ್ಲ. ಕೆಜಿ ರೇಟು ಕೇಳಲೇಬೇಕು ಅಂತಿದ್ರೆ ಈ ಕೊನೆಯ ಹೆಜ್ಜೆಯಲ್ಲಿ ಕೇಳಿ, ಮೊದಲ ಹೆಜ್ಜೆಯಲ್ಲಲ್ಲ.

"ಅದೆಲ್ಲ ಸರಿ, ಈಗ ಟಂಗ್‌ಸ್ಟನ್ ರೇಟು ಎಲ್ಲಿಗೆ ಹೋಗಿದೆ ನೋಡಿದೀಯಾ?" ಅಂತ ಕೇಳೋರಿದ್ದಾರೆ. ನೋಡಿದೀನಿ. ಪ್ರಪಂಚದ ಟಂಗ್‌ಸ್ಟನ್ನಿನಲ್ಲಿ ಸುಮಾರು ಶೇ. 80 ಚೀನಾದಿಂದ ಬರುತ್ತೆ. 2025ರ ಫೆಬ್ರವರಿಯಲ್ಲಿ ಅವರು ರಫ್ತಿನ ಮೇಲೆ ನಿಯಂತ್ರಣ ಹಾಕಿದ್ರು, ಆ ವರ್ಷ ಬೆಲೆ ಏರಿತು. (ನಮ್ಮ ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಗುಡ್ಡೆ ಹಾಕಿರೋ ಸೈನೈಡ್ ದಿಬ್ಬಗಳಲ್ಲೂ ಟಂಗ್‌ಸ್ಟನ್ ಅದಿರು ಇದೆ. ಗಣಿ 2001ರಲ್ಲಿ ಮುಚ್ಚಿತು, ದಿಬ್ಬ ಹಾಗೇ ಕೂತಿದೆ. ಅದೊಂದು ಬೇರೆ ಸಿಟ್ಟು, ಇನ್ನೊಂದು ದಿನ.) ಬೆಲೆ ಏರಿದಾಗ ಮಾಡ್ಬೇಕಾದ್ದು ಯಾವ ಜಾಬಿಗೆ ಅದು ಬೇಕೇ ಬೇಕು, ಯಾವುದಕ್ಕೆ ಬೇಡ ಅಂತ ಕೂತು ಆರಿಸೋದು. ಸಾಲನ್ನೇ ಕತ್ತರಿಸೋದಲ್ಲ.

ಆರಿಸೋದು ಅಂದ ಮೇಲೆ ಇನ್ನೊಂದು ಗುಂಪಿಗೂ ಬೈಬೇಕು. ಟಂಗ್‌ಸ್ಟನ್ ಅಂದ್ರೆ ಎಲ್ಲದಕ್ಕೂ ರಾಮಬಾಣ ಅನ್ನೋರು. ಒಬ್ಬ ಸೇಲ್ಸಿನವರು ಪ್ಲಾಸ್ಟಿಕ್ ಮೋಲ್ಡಿಗೆ, ಅದೂ ಅಂಗೈಗಿಂತ ದೊಡ್ಡ ಸ್ಟೀಲ್ ಗುಂಡಿಗೆ, ಇದನ್ನೇ ಹಾಕಿ ಅಂತ ಮಾವನಿಗೆ ಹೇಳಿದ್ರಂತೆ. 100 ಮಿಮೀ ಚೌಕ, 50 ಮಿಮೀ ಎತ್ತರದ ಗಟ್ಟಿ ಎಲೆಕ್ಟ್ರೋಡ್ ಅಂದ್ರೆ ಏಳೂವರೆ ಕೆಜಿ ಟಂಗ್‌ಸ್ಟನ್ ತಾಮ್ರ. ಮಷೀನಿನ ತಲೆಗೆ ನೇತು ಹಾಕೋದು ಇರ್ಲಿ, ಬಿಲ್ಲು ನೋಡಿದ್ರೇ ಎದೆ ಒಡೆಯುತ್ತೆ. ಸ್ಟೀಲಿಗೆ ಎಲೆಕ್ಟ್ರೋಡನ್ನ ಪಾಸಿಟಿವ್ ಮಾಡಿ, ಕಿಡಿಯ ಹೊತ್ತು ಉದ್ದ ಇಟ್ರೆ ತಾಮ್ರವಾಗಲಿ ಗ್ರಾಫೈಟಾಗಲಿ ಶೇ. 1ಕ್ಕಿಂತ ಕಮ್ಮಿ ಸವೆತದಲ್ಲಿ ಕೆಲಸ ಮಾಡುತ್ತೆ. ಎಣ್ಣೆ ಸುಟ್ಟು ಬರೋ ಇಂಗಾಲ ಎಲೆಕ್ಟ್ರೋಡಿನ ಮೇಲೆ ಕೂತು ಅದನ್ನ ಕಾಯುತ್ತೆ. ಅಲ್ಲಿ ಟಂಗ್‌ಸ್ಟನ್ ಹಾಕೋದು ಸಂತೆಗೆ ಹೋಗೋಕೆ ರೇಷ್ಮೆ ಸೀರೆ ಉಟ್ಟ ಹಾಗೆ. ಗ್ರಾಫೈಟಿಗೆ ಕರಗೋ ಚಿಂತೆಯೇ ಇಲ್ಲ, ಕೊರೆಯೋದು ಬೆಣ್ಣೆ ಕೊರೆದಷ್ಟು ಸಲೀಸು. ಕರಿ ಧೂಳು ಮಾತ್ರ ಮೂಗಿನ ಒಳಗೂ ಇರುತ್ತೆ. ಧೂಳು ಎಳೆಯೋ ವ್ಯವಸ್ಥೆ ಇಲ್ಲದ ಶೆಡ್ಡಿನಲ್ಲಿ ಅದು ಗೈಡ್‌ವೇ, ಬೇರಿಂಗಿಗೂ ಇಳಿಯುತ್ತೆ.

ಕಾರ್ಬೈಡಿಗೆ ಬಂದ್ರೆ ಈ ಆಟ ನಡೆಯಲ್ಲ. ಅಲ್ಲಿ ಸಾಮಾನ್ಯವಾಗಿ ಎಲೆಕ್ಟ್ರೋಡ್ ನೆಗೆಟಿವ್, ಕಿಡಿ ಚಿಕ್ಕದು. ಉದ್ದದ ಕಿಡಿ ಬಿಟ್ರೆ ಕಾರ್ಬೈಡ್ ಕಣಗಳನ್ನ ಹಿಡಿದಿರೋ ಕೋಬಾಲ್ಟ್ ಹೋಗಿ ಮೇಲ್ಮೈಯಲ್ಲಿ ಕೂದಲು ಬಿರುಕು ಬೀಳುತ್ತೆ. ಚಿಕ್ಕ ಕಿಡಿಯಲ್ಲಿ ಸವೆತ ಹೆಚ್ಚು, ಇಂಗಾಲದ ರಕ್ಷಣೆ ಇಲ್ಲ. ಜಾಬಿನ ಕಾರ್ಬೈಡ್ ಕಣ ಕರಗೋದು ಸುಮಾರು 2800 ಡಿಗ್ರಿಗೆ, ಎಲೆಕ್ಟ್ರೋಡಿನ ತಾಮ್ರ 1085ಕ್ಕೇ. ಯಾರು ಮೊದಲು ಸೋಲ್ತಾರೆ ಅಂತ ಬಿಡಿಸಿ ಹೇಳ್ಬೇಕಾ? ಇಲ್ಲಿ, ಸಪೂರ ಪಟ್ಟಿಯಂಥ ಎಲೆಕ್ಟ್ರೋಡುಗಳಲ್ಲಿ, ಚೂಪು ಮೂಲೆಗಳಲ್ಲಿ ಕಾಪರ್ ಟಂಗ್‌ಸ್ಟನ್ ತನ್ನ ದುಡ್ಡಿಗೆ ನ್ಯಾಯ ಕೊಡುತ್ತೆ. ಆಚೆ ಈಚೆ ತೂತಾಗೋ ಆಕಾರ ಆದ್ರೆ ವೈರ್ ಕಟ್‌ಗೆ ಕಳಿಸಿ, ಎಲೆಕ್ಟ್ರೋಡಿನ ತಂಟೆಯೇ ಬೇಡ. ಮಾವನ ಜಾಬು ತಳ ಇರೋ ಗುಂಡಿ, ವೈರ್ ಹೋಗಲ್ಲ.

ಇನ್ನೊಂದು ವಿಷಯ, ಇದು ಸಿಟ್ಟಿಗಿಂತ ಬೇಜಾರು. ಕಾಪರ್ ಟಂಗ್‌ಸ್ಟನ್ ಅಂತ ಕೊಟ್ಟಿದ್ದೆಲ್ಲ ಕಾಪರ್ ಟಂಗ್‌ಸ್ಟನ್ ಅಲ್ಲ. ಮಾವನ ಡ್ರಾಯರಿನಲ್ಲಿ ಒಂದು ಸರಳು ಇತ್ತು, ಹಳೇ ಸ್ಟಾಕು. 12 ಮಿಮೀ ವ್ಯಾಸ, 100 ಮಿಮೀ ಉದ್ದ, ಬಿಲ್ಲಿನಲ್ಲಿ 75/25 ಅಂತ ಇದೆ. "ಇದು ಸರಿ ಕಿಡಿ ಬಿಡಲ್ಲ ಕಣೋ, ಆರ್ಕ್ ಹೊಡಿಯುತ್ತೆ" ಅಂದ್ರು ಅಣ್ಣ. ನನಗೆ ತಲೆಗೆ ಹೊಳೀತು. ಟಂಗ್‌ಸ್ಟನ್ ಅನ್ನೋ ಹೆಸರೇ ಸ್ವೀಡಿಷ್ ಭಾಷೆಯಲ್ಲಿ ಭಾರದ ಕಲ್ಲು ಅಂತ. ಹತ್ತಿರ ಹತ್ತಿರ ಚಿನ್ನದಷ್ಟೇ ಸಾಂದ್ರತೆ, ಅದಕ್ಕೇ ಕಳ್ಳರು ಚಿನ್ನದ ಗಟ್ಟಿಯೊಳಗೆ ಇದನ್ನ ತುಂಬೋದು. ಹಾಗಿದ್ರೆ ತೂಕವೇ ಸಾಕ್ಷಿ ಹೇಳಬೇಕಲ್ಲ? ಟಂಗ್‌ಸ್ಟನ್ 19.25, ತಾಮ್ರ 8.96. ತೂಕದಲ್ಲಿ 75 ಭಾಗ, 25 ಭಾಗ ಇದ್ರೆ, ತೂತಿಲ್ಲದ ಸರಳಿನ ಸಾಂದ್ರತೆ ಸಿಸಿಗೆ ಹತ್ತಿರ ಹತ್ತಿರ 15 ಗ್ರಾಂ ಇರಬೇಕು. ಈ ಸರಳಿನ ಗಾತ್ರ 11.3 ಸಿಸಿ, ಅಂದ್ರೆ 169 ಗ್ರಾಂ ಆಸುಪಾಸು ತೂಗಬೇಕು. ಪಕ್ಕದ ರಸ್ತೆಯ ಒಡವೆ ಅಂಗಡಿಗೆ ಹೋಗಿ ತಕ್ಕಡಿಯಲ್ಲಿಟ್ವಿ. ಅಂಗಡಿಯವರು ವಿಚಿತ್ರವಾಗಿ ನೋಡಿದ್ರು. 153 ಗ್ರಾಂ!

ಸಿಸಿಗೆ 13.5. ಒಂದೋ ಟಂಗ್‌ಸ್ಟನ್ ಮುಕ್ಕಾಲು ಪಾಲು ಇಲ್ಲ, 60ರ ಸ್ವಲ್ಪ ಮೇಲೆ ಇದೆ. ಇಲ್ಲಾಂದ್ರೆ ಹಂದರಕ್ಕೆ ತಾಮ್ರ ಪೂರ್ತಿ ಕುಡಿಸದೆ ಹತ್ತರಲ್ಲೊಂದು ಪಾಲು ಬರೀ ತೂತು. ತೂತಿದ್ರೆ ಕಿಡಿ ಒಂದೇ ಸಮ ಹಾರಲ್ಲ, ಒಂದೇ ಜಾಗದಲ್ಲಿ ಆರ್ಕ್ ಹಿಡಿದು ಜಾಬನ್ನೇ ಸುಡುತ್ತೆ. ಎರಡರಲ್ಲಿ ಯಾವುದೇ ಆಗಿದ್ರೂ ಕೊಟ್ಟ ದುಡ್ಡು ನೀರಿಗೆ. ಕೆಜಿಗೆ ಕಮ್ಮಿ ಸಿಗ್ತು ಅಂತ ಕೊಂಡಿದ್ದು ಅದು. ಮಾವನ ಮುಖ ನೋಡ್ಬೇಕಿತ್ತು. "ಇಷ್ಟು ವರ್ಷ ನಾನು ವರ್ನಿಯರ್ ಹಿಡಿದು ವ್ಯಾಸ ನೋಡ್ದೆ, ತೂಕ ಹಾಕ್ಲಿಲ್ವಲ್ಲೋ" ಅಂದ್ರು. ಮಾವ ಇರ್ಲಿ, ಬಿಇ ಮಾಡಿದ ನಾನೂ ಯಾವತ್ತೂ ಯೋಚಿಸಿರಲಿಲ್ಲ. ಒಂದು ವರ್ನಿಯರ್, ಒಂದು ಒಡವೆ ತಕ್ಕಡಿ, ಏಳನೇ ಕ್ಲಾಸಿನ ಭಾಗಾಕಾರ. ಸರಳು ಒಳಗೆ ಬರೋ ಮೊದಲೇ ಇಷ್ಟು ಮಾಡಬಹುದಿತ್ತು.

ಈ ಮಾತುಕತೆ ಕೇಳಿಸಿಕೊಂಡು ಪಕ್ಕದ ಶೆಡ್ಡಿನವರು ಬಂದ್ರು. ಅವರದ್ದು ಇಸಿಎಂ, ಎಲೆಕ್ಟ್ರೋಕೆಮಿಕಲ್ ಮಷಿನಿಂಗು. ಆಟೋ ಬಿಡಿಭಾಗಗಳ ಒಳಗಿನ ತೂತುಗಳು ಕೂಡೋ ಜಾಗದಲ್ಲಿ ಉಳಿಯೋ ಬರ್ ತೆಗೆಯೋ ಕೆಲಸ. "ಹಾಗಾದ್ರೆ ನಮ್ಮ ಹಿತ್ತಾಳೆ ಟೂಲುಗಳನ್ನೂ ಕಾಪರ್ ಟಂಗ್‌ಸ್ಟನ್‌ಗೆ ಬದಲಾಯಿಸಲಾ ಸಾರ್?" ಅಂದ್ರು. ನೋಡಿ, ಅರ್ಧ ಗಂಟೆ ಭಾಷಣ ಮಾಡಿದ್ರ ಫಲ! ಎರಡೂ ಮಷೀನಿಗೆ ವಿದ್ಯುತ್ ಬೇಕು, ಎರಡಕ್ಕೂ ಎಲೆಕ್ಟ್ರೋಡ್ ಬೇಕು, ಕ್ಯಾಟಲಾಗಿನಲ್ಲಿ ಎರಡೂ ಒಂದೇ ಪುಟದಲ್ಲಿರುತ್ತೆ. ಆದ್ರೆ ಒಳಗೆ ನಡೆಯೋದು ಬೇರೆಯೇ.

ಇಸಿಎಂನಲ್ಲಿ ಕಿಡಿ ಇಲ್ಲ. ಉಪ್ಪು ನೀರಿನಲ್ಲೋ ಸೋಡಿಯಂ ನೈಟ್ರೇಟ್ ನೀರಿನಲ್ಲೋ ಜಾಬು ಪಾಸಿಟಿವ್, ಟೂಲು ನೆಗೆಟಿವ್. ಜಾಬಿನ ಲೋಹ ಅಯಾನುಗಳಾಗಿ ಕರಗಿ ಹೋಗುತ್ತೆ. ಟೂಲಿನ ಮೇಲೆ ಬರೋದು ಹೈಡ್ರೋಜನ್ ಗುಳ್ಳೆ ಅಷ್ಟೇ. ಟೂಲು ಸವೆಯೋಕೆ ಕಾರಣವೇ ಇಲ್ಲ. ಫ್ಯಾರಡೆ ಲೆಕ್ಕದ ಪ್ರಕಾರ 1000 ಆಂಪಿಯರ್ ಬಿಟ್ರೆ ಕಬ್ಬಿಣ ನಿಮಿಷಕ್ಕೆ ಹೆಚ್ಚೂಕಮ್ಮಿ 2.2 ಸಿಸಿ ಕರಗುತ್ತೆ. ಟೂಲು ಹಿತ್ತಾಳೆಯೋ ಟಂಗ್‌ಸ್ಟನ್ನೋ ಅಂತ ಆ ಲೆಕ್ಕ ಕೇಳೋದೇ ಇಲ್ಲ. ಸವೆಯದ ಜಾಗದಲ್ಲಿ ಸವೆಯದ ಲೋಹಕ್ಕೆ ದುಡ್ಡು ಕೊಡೋದು ಯಾವ ಜಾಣತನ?

ಆದ್ರೂ ಪೂರ್ತಿ ಬೇಡ ಅಂತಾನೂ ಹೇಳೋಕಾಗಲ್ಲ. ಸಂದಿನಲ್ಲಿ ಒಂದು ಲೋಹದ ಚೂರು ಸಿಕ್ಕಿಕೊಂಡ್ರೆ ಶಾರ್ಟ್ ಆಗುತ್ತೆ, ಆ ಒಂದು ಕ್ಷಣ ಅದು ಇಸಿಎಂ ಅಲ್ಲ, ಕಿಡಿಯೇ. ಹಿತ್ತಾಳೆ ಟೂಲಿನಲ್ಲಿ ಹೊಂಡ ಬೀಳುತ್ತೆ, ಮುಂದಿನ ಅಷ್ಟೂ ಜಾಬಿನಲ್ಲಿ ಆ ಹೊಂಡದ ಅಚ್ಚು ಬರುತ್ತೆ. ಕಾಪರ್ ಟಂಗ್‌ಸ್ಟನ್ ಆ ಏಟು ತಡ್ಕೊಳ್ಳುತ್ತೆ. ಜೊತೆಗೆ ಬಿಗಿತದಲ್ಲಿ ಹಿತ್ತಾಳೆಯ ಸುಮಾರು ಎರಡು ಪಟ್ಟು, ತೆಳ್ಳಗಿನ ಟೂಲು ನೀರಿನ ಒತ್ತಡಕ್ಕೆ ಬಾಗಲ್ಲ. "ತಿಂಗಳಿಗೆ ಎಷ್ಟು ಸಲ ಶಾರ್ಟ್ ಆಗುತ್ತೆ?" ಅಂತ ಕೇಳ್ದೆ. "ಆಗಲ್ಲ ಸಾರ್, ಫಿಲ್ಟರ್ ಚೆನ್ನಾಗಿ ಇಟ್ಟಿದೀವಿ." ಹಾಗಾದ್ರೆ ಹಿತ್ತಾಳೆಯೇ ಇರಲಿ, ದುಡ್ಡು ಫಿಲ್ಟರಿಗೆ ಹಾಕಿ ಅಂದೆ. ಒಪ್ಪಿದ್ರು ಅನ್ಸುತ್ತೆ.

ಈಗ ಒಂದು ತಪ್ಪೊಪ್ಪಿಗೆ. ಇದನ್ನ ಬರೀದೆ ಪೋಸ್ಟ್ ಮಾಡಿದ್ರೆ ನನಗೆ ನಿದ್ದೆ ಬರಲ್ಲ.

ನಾನು ಕೆಲಸ ಮಾಡೋದು ಪರ್ಚೇಸ್ ಸಾಫ್ಟ್‌ವೇರಿನಲ್ಲಿ. ಬೇರೆ ಬೇರೆ ಸಪ್ಲೈಯರ್‌ಗಳ ಕೊಟೇಶನ್ ಪಕ್ಕಪಕ್ಕ ಇಟ್ಟು ತೋರಿಸೋ ಪರದೆ ಇದೆಯಲ್ಲ, ಅದರ ಕೋಡಿನಲ್ಲಿ ನನ್ನ ಕೈ ಇದೆ. ಅದು ಮೊದಲು ತೋರಿಸೋದು ಯೂನಿಟ್ ಪ್ರೈಸು. ಕಮ್ಮಿ ಇರೋದು ಮೇಲೆ, ಹಸಿರು ಬಣ್ಣದಲ್ಲಿ, ಪಕ್ಕದಲ್ಲಿ ಎಲ್-1 ಅಂತ. ಹಸಿರು ಬಣ್ಣ ಹಾಕಿದ್ದು ನಾನೇ. ಎಲ್-1 ಬಿಟ್ಟು ಬೇರೆಯವರನ್ನ ಆರಿಸಿದ್ರೆ ಒಂದು ಡಬ್ಬ ತೆರೆದು "ಕಾರಣ ಬರೆಯಿರಿ" ಅಂತ ಕೇಳುತ್ತೆ, ಮ್ಯಾನೇಜರಿಗೆ ಮೇಲ್ ಹೋಗುತ್ತೆ. ಎಲ್-1 ಒತ್ತಿದ್ರೆ ಏನೂ ಕೇಳಲ್ಲ. ಮಾವನಿಗೆ ಫೋನ್ ಮಾಡಿದ ಆ ಪರ್ಚೇಸಿನ ಹುಡುಗ ಕೆಟ್ಟವನೇನಲ್ಲ. ಅವನ ಮುಂದೆಯೂ ಇಂಥದ್ದೇ ಒಂದು ಪರದೆ ಇದ್ದಿರಬೇಕು. ತಾಮ್ರ ಹಸಿರಾಗಿ ಕಂಡಿದೆ, ಒತ್ತಿದಾನೆ. ಅವನ ಪರದೆಯಲ್ಲಿ "ಮೂಲೆ" ಅನ್ನೋ ಕಾಲಮ್ ಇಲ್ಲ, "ಅಣ್ಣನನ್ನ ಕೇಳು" ಅನ್ನೋ ಬಟನ್ನೂ ಇಲ್ಲ.

ಸೋಮವಾರ ಆಫೀಸಿನಲ್ಲಿ ಇದನ್ನ ಎತ್ತಿದೆ. ಸಾಮಗ್ರಿಯನ್ನ ಕೊಡೋನೇ ನಿರ್ಧರಿಸೋ ಜಾಬುಗಳಲ್ಲಿ ಲೋಹದ ರೇಟನ್ನ ಬೇರೆ ಸಾಲಾಗಿ ಹೋಲಿಸೋದು ಬೇಡ, ಮುಗಿದ ಗುಂಡಿಗೆ ಎಷ್ಟು ಅಂತ ಒಂದೇ ರೇಟು ತಗೊಳ್ಳೋಣ, ರಿಜೆಕ್ಷನ್ ಆದ್ರೆ ಸಾಮಗ್ರಿ ಬದಲಾಯಿಸಿದ್ದು ಯಾರು ಅಂತ ದಾಖಲಾಗಲಿ ಅಂತ. "ಕಸ್ಟಮರ್ ಕೇಳಿಲ್ವಲ್ಲ" ಅಂದ್ರು. ಬ್ಯಾಕ್‌ಲಾಗಿಗೆ ಹಾಕಿದೀನಿ. ಬ್ಯಾಕ್‌ಲಾಗ್ ಅಂದ್ರೆ ಏನು ಅಂತ ನಮ್ಮ ಸಾಫ್ಟ್‌ವೇರ್ ಮಿತ್ರರಿಗೆ ಹೇಳ್ಬೇಕಾಗಿಲ್ಲ.

ಮಾವ ಮಾತ್ರ ನನ್ನ ಟಿಕೆಟ್ಟಿಗೆ ಕಾಯ್ತಾ ಕೂತಿಲ್ಲ. ಉಳಿದ ಇನ್ಸರ್ಟುಗಳಿಗೆ ಹೊಸ ಕೊಟೇಶನ್ ಕಳಿಸಿದಾರೆ, ಈ ಸಲ ಎಲೆಕ್ಟ್ರೋಡಿನ ಸಾಲೇ ಇಲ್ಲ. ಗುಂಡಿಗೆ ಇಷ್ಟು, ಮೂಲೆ ಡ್ರಾಯಿಂಗ್ ಪ್ರಕಾರ, ಯಾವ ಎಲೆಕ್ಟ್ರೋಡ್ ಅನ್ನೋದು ನಮಗೆ ಬಿಟ್ಟಿದ್ದು ಅಂತ. ಡೆಬಿಟ್ ನೋಟಿಗೂ ಉತ್ತರ ಹೋಗಿದೆ, "ಆಪರೇಟರ್ ತಪ್ಪು" ಅನ್ನೋದನ್ನ ತೆಗೀರಿ ಅಂತ, ಜೊತೆಗೆ ಅಣ್ಣನ ನೋಟ್‌ಬುಕ್ಕಿನ ಎರಡು ಪುಟದ ಜೆರಾಕ್ಸು. ಇನ್ನೂ ಉತ್ತರ ಬಂದಿಲ್ಲ. ಹೊಸ ಸರಳು ಮುಂದಿನ ವಾರ ಬರುತ್ತೆ, ತೂಕ ಹಾಕೋಕೆ ನಾನು ಹೋಗ್ತಾ ಇದೀನಿ.

ನಿಮ್ಮಲ್ಲಿ ಯಾರಿಗಾದ್ರೂ ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್ ಕಡೆ ಸ್ಪಾರ್ಕ್ ಮಷೀನ್ ಇಟ್ಟಿರೋ ಚಿಕ್ಕಪ್ಪನೋ ಮಾವನೋ ಇದ್ರೆ ಒಂದು ಉಪಕಾರ ಮಾಡಿ. ಕಾರ್ಬೈಡಿನ ಒಂದು ಗುಂಡಿಗೆ ಯಾವ ಲೋಹದ್ದು ಎಷ್ಟು ಎಲೆಕ್ಟ್ರೋಡ್ ಹೋಯ್ತು, ಎಷ್ಟು ಗಂಟೆ ಹಿಡೀತು, ಇಷ್ಟು ಕೇಳಿ ಬರೆದು ತಿಳಿಸಿ. ನನ್ನ ಹತ್ರ ಇರೋದು ಒಂದು ಶೆಡ್ಡಿನ ಒಂದು ನೋಟ್‌ಬುಕ್ಕು ಮಾತ್ರ.